ಪರದೆಯ ಎಡಗಡೆ ನಿಂತಿದ್ದ ನಮ್ಮತ್ತೆ

ನನಗೊಂದು ಕೆಟ್ಟ ಅಭ್ಯಾಸವಿದೆ. ಸಿನಿಮಾ ನೋಡುವಾಗ ನಾಯಕನನ್ನಾಗಲಿ ನಾಯಕಿಯನ್ನಾಗಲಿ ನೋಡುವುದಿಲ್ಲ. ಪರದೆಯ ಎಡಗಡೆಯ ಅಂಚನ್ನೇ ನೋಡುತ್ತ ಕೂರುತ್ತೇನೆ. ನಾಯಕ ನಟ್ಟನಡುವೆ ನಿಂತು ಕಣ್ಣೀರು ಸುರಿಸುತ್ತಿದ್ದರೆ ನಾನು ಮೂಲೆಯಲ್ಲಿ ಕಡಲೆಕಾಯಿ ಮಾರುವವನ ತಕ್ಕಡಿ ಯಾವ ಕಡೆ ವಾಲಿದೆ ಎಂದು ಯೋಚಿಸುತ್ತಿರುತ್ತೇನೆ. ಮಗಳು “ಕಥೆ ಏನಾಯ್ತಮ್ಮ?” ಎಂದು ಕೇಳಿದರೆ ಅಪ್ಪನನ್ನು ಕೇಳು ಎನ್ನುತ್ತೇನೆ. ಮದುವೆಮನೆಯ ಸೀನಿನಲ್ಲಿ ನೀಲಿ ಸೀರೆಯ ಹೆಂಗಸೊಬ್ಬಳು ಎರಡು ಪಂಕ್ತಿಯಲ್ಲೂ ಊಟಕ್ಕೆ ಕೂತಿದ್ದಳು ಎಂಬುದನ್ನು ಬೇಕಾದರೆ ಆಣೆ ಇಟ್ಟು ಹೇಳಬಲ್ಲೆ. ಇದು ಹುಟ್ಟುಗುಣವಲ್ಲ. ಅತ್ತೆಯ ಮನೆಗೆ ಬಂದ ಮೇಲೆ ಹತ್ತಿದ್ದು.

ನಮ್ಮತ್ತೆ ಸಾಕಮ್ಮನವರು ಸಿನಿಮಾದಲ್ಲಿ ಪಾರ್ಟು ಮಾಡಿದವರು. ಈ ಮಾತನ್ನು ನಾನು ಬೈರಾಪಟ್ಟಣಕ್ಕೆ ಸೊಸೆಯಾಗಿ ಬಂದ ಮೊದಲ ವಾರದಲ್ಲೇ ಮೂರು ಸಲ ಕೇಳಿದೆ. ಅತ್ತೆಯ ತವರು ರಾಮನಗರದ ಬಂಡೆಬೆಟ್ಟಗಳ ಬುಡದ ಒಂದು ಹಳ್ಳಿ. ಅವರು ಹೊಸದಾಗಿ ಮದುವೆಯಾಗಿದ್ದಾಗ ಅಲ್ಲೊಂದು ನಾಮಕರಣಕ್ಕೆಂದು ತಮ್ಮ ಓರಗಿತ್ತಿ ಪುಟ್ಟತಾಯಮ್ಮನನ್ನೂ ಕರೆದುಕೊಂಡು ಹೋಗಿದ್ದರಂತೆ. ಅದೇ ಹೊತ್ತಿಗೆ ಬೆಟ್ಟದಲ್ಲಿ ರಾಜಮಹಾರಾಜರ ಕಾಲದ ಪಿಚ್ಚರೊಂದರ ಶೂಟಿಂಗು. ನೀರಿನ ಮಡಕೆ ಹೊತ್ತು ನಡೆಯಲು ಹೆಂಗಸರು ಬೇಕೆಂದು ಯಾರೋ ಬಂದು ಕೇಳಿದರು. ಇವರಿಬ್ಬರೂ ಹೋದರು. ಬೆಳಗಿನಿಂದ ಸಂಜೆಯವರೆಗೆ ಹನ್ನೊಂದು ಸಲ ಅದೇ ಮಡಕೆ, ಅದೇ ದಾರಿ. ಮಧ್ಯಾಹ್ನಕ್ಕೆ ಚಿತ್ರಾನ್ನ.

ಮಾವನವರು ಆ ನಾಮಕರಣಕ್ಕೆ ಹೋಗಿರಲಿಲ್ಲ. ಗೂಡು ಮಾರುವುದಿದೆ, ಬರಲಾಗುವುದಿಲ್ಲ ಎಂದು ರಾಮನಗರದ ರೇಷ್ಮೆ ಮಾರ್ಕೆಟ್ಟಿನ ಕಡೆ ಹೊರಟವರು, ಅತ್ತೆ ಊರಿಗೆ ಬಂದು ಸುದ್ದಿ ಹೇಳಿದಾಗ ಮುಖ ತಿರುಗಿಸಿ ಕೂತರಂತೆ. ಒಂದು ವಾರ ಮಾತಿಲ್ಲ. ನಾನು ಕಂಡಂತೆಯೂ ಮಾವ ನಗುವ ಜಾತಿಯವರಲ್ಲ. ನಮ್ಮ ಮದುವೆಯ ಫೋಟೋದಲ್ಲಿ ಅವರು ಜಮೀನಿನ ತಕರಾರಿಗೆ ಸಾಕ್ಷಿ ಹೇಳಲು ಬಂದವರ ಹಾಗೆ ನಿಂತಿದ್ದಾರೆ. ಅತ್ತೆಯ ಸಿನಿಮಾ ಮಾತು ಬಂದರೆ ಟವೆಲ್ಲು ಕೊಡವಿ ಎದ್ದು ಹೋಗಿಬಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಧಾರಾಳವಾಗಿ ಹೇಳತೊಡಗಿದರು. ಕೇಳುವವರಿಗೆ ನೋಡಲು ಪಿಚ್ಚರೇ ಸಿಗುತ್ತಿರಲಿಲ್ಲವಾದ್ದರಿಂದ ಯಾರೂ ಅಲ್ಲಗಳೆಯುತ್ತಿರಲಿಲ್ಲ.

ಪಿಚ್ಚರಿನ ಹೆಸರು ಮಾತ್ರ ನಾನು ಹೇಳುವುದಿಲ್ಲ. ಹೇಳಿದರೆ ನೀವೂ ಹೋಗಿ ಸಿ.ಡಿ. ತಂದು ನೋಡಿ, “ಎಲ್ಲಿ ನಿಮ್ಮತ್ತೆ?” ಎಂದು ಕೇಳುತ್ತೀರಿ. ಆ ಪ್ರಶ್ನೆಯಿಂದ ಒಂದು ವರ್ಷ ನಾವು ಪಟ್ಟ ಪಾಡೇ ಸಾಕು.

ಆಗ ಬಿಡದಿಯ ಕಡೆ ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ನನ್ನ ಗಂಡನಿಗೂ ಅಲ್ಲೊಂದರಲ್ಲಿ ಕೆಲಸ ಸಿಕ್ಕಿ, ಆ ದೀಪಾವಳಿಗೆ ಮನೆಗೆ ಸಿ.ಡಿ. ಪ್ಲೇಯರು ಬಂತು. ಗೋಡೆಯಾಚೆ ಮನೆಯ ಪುಟ್ಟತಾಯಮ್ಮ, ಅಂದರೆ ನಮ್ಮ ಚಿಕ್ಕತ್ತೆ, ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಆ ಪಿಚ್ಚರಿನ ಸಿ.ಡಿ.ಯನ್ನೇ ಪತ್ತೆ ಮಾಡಿ ತಂದರು. ಬೀದಿಗೆ ಬೀದಿಯೇ ನಮ್ಮ ನಡುಮನೆಯಲ್ಲಿ ಕೂತಿತು. ಅತ್ತೆ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿದ್ದರು.

ಮಡಕೆಯ ಸೀನು ಬಂತು. ಬಂಡೆಗಳ ನಡುವೆ ಸಾಲಾಗಿ ಹೆಂಗಸರು. ನಡುವೆ, ಹುಣ್ಣಿಮೆಯ ಚಂದ್ರನಂತೆ, ನಮ್ಮ ಚಿಕ್ಕತ್ತೆಯ ದುಂಡು ಮುಖ! “ಅಗೋ ಪುಟ್ಟತಾಯಮ್ಮ!” ಎಂದು ಜನ ಕೂಗಿದರು. ಅವರ ಎಡಕ್ಕೆ ಒಂದು ಮಡಕೆಯ ಕಾಲುಭಾಗ, ಅದನ್ನು ಹಿಡಿದ ಒಂದು ಮೊಣಕೈ. ಅಲ್ಲಿಗೆ ಟಿ.ವಿ. ಮುಗಿದುಹೋಗಿತ್ತು.

“ಆ ಮೊಣಕೈ ನಂದೇ ಕಣ್ರವ್ವ!” ಎಂದರು ಅತ್ತೆ.

ಎದುರುಮನೆಯ ನಿಂಗಮ್ಮ ತಲೆ ಓರೆ ಮಾಡಿ ನೋಡಿದಳು. “ಮೊಣಕೈ ಮ್ಯಾಲೆ ಹೆಸ್ರು ಬರ್ದೈತಾ ಸಾಕಕ್ಕ?”

ಮನೆಯೆಲ್ಲ ನಗು. ನಾನೂ ನಕ್ಕೆ. ಸೆರಗು ಅಡ್ಡ ಇಟ್ಟುಕೊಂಡು ನಕ್ಕೆ ಅನ್ನಿ. ಆದರೆ ಅತ್ತೆಗೆ ಗೊತ್ತಾಯಿತು.

ಮಾರನೆಯ ದಿನದಿಂದ ಊರಿನಲ್ಲಿ ಒಬ್ಬರು “ಪಿಚ್ಚರ್ ಪುಟ್ಟತಾಯಮ್ಮ” ಆದರು, ಇನ್ನೊಬ್ಬರು “ಮೊಣಕೈ ಸಾಕಮ್ಮ” ಆದರು. ಗೋಡೆಯಾಚೆಯಿಂದ ಹೊತ್ತಿಲ್ಲ ಗೊತ್ತಿಲ್ಲ ಅದೇ ಸೀನಿನ ಸದ್ದು. ಅತ್ತೆ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುವುದನ್ನೇ ಬಿಟ್ಟರು. “ನಂಗೆ ಮಂಡಿ ನೋವು” ಎಂದರು. ಮಂಡಿಗೇನೂ ಆಗಿರಲಿಲ್ಲ, ಡೈರಿಯ ಸಾಲಿನಲ್ಲಿ ಹೆಂಗಸರು ಅವರ ಮೊಣಕೈ ಮುಟ್ಟಿ ನೋಡುತ್ತಿದ್ದರು, ಅಷ್ಟೆ. ಹಾಲಿನ ಕ್ಯಾನು ನನ್ನ ಪಾಲಿಗೆ ಬಂತು. ಚನ್ನಪಟ್ಟಣದ ಶಾಲೆಗೆ ಎಂಟೂವರೆಯ ಬಸ್ಸು ಹಿಡಿಯಬೇಕಾದ ಟೀಚರು ನಾನು, ಹಾಲಿನ ವಾಸನೆ ಹೊತ್ತು ಓಡತೊಡಗಿದೆ. ಅತ್ತೆಯ ಮಾನ ಉಳಿಸಲು ಹೊರಟೆ ಎಂದು ಇಂದು ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಆ ಕ್ಯಾನು ಇಳಿಸಲು ಹೊರಟೆ.

ನಮ್ಮ ಶಾಲೆಯಲ್ಲಿ ಸಿದ್ದರಾಜು ಎಂಬ ಡ್ರಿಲ್ ಮಾಸ್ತರರಿದ್ದರು. ಮೀಸೆ, ವಿಜಿಲ್ಲು, ಬಿಳಿ ಬೂಟು. ಹಳೆಯ ಸಿನಿಮಾ ಎಂದರೆ ಪ್ರಾಣ. ಸ್ಟಾಫ್ ರೂಮಿನಲ್ಲಿ ನನ್ನ ಗೋಳು ಹೇಳಿಕೊಂಡೆ. ಅವರು ಒಂದು ಹಾಳೆ ತೆಗೆದುಕೊಂಡು ಅಡ್ಡಲಾಗಿ ಹಿಡಿದರು.

“ಇದು ಟಾಕೀಸ್ನಾಗೆ ತೋರ್ಸಿದ್ ಪಿಚ್ಚರ್ ಮೇಡಂ. ಸ್ಕೋಪು. ಇಷ್ಟಗಲ.” ಹಾಳೆಯ ಎರಡೂ ಬದಿಯನ್ನು ಒಳಕ್ಕೆ ಮಡಚಿದರು. “ಇದು ಟಿ.ವಿ. ಡಬ್ಬದಗಲ. ಅದಕ್ಕೆ ಕೂರ್ಸೋಕೆ ಎರ್ಡೂ ಪಕ್ಕ ಕುಯ್ದವ್ರೆ. ನಿಮ್ಮತ್ತೆ ಈ ಹಾಳೆ ಮಡಿಕೆಯೊಳಗವ್ರೆ.”

ನನಗೆ ಜ್ಞಾನೋದಯವಾಯಿತು. ಆದರೆ ಮಾಸ್ತರರ ದುಃಖವೇ ಬೇರೆ ಇತ್ತು. ಚಿಕ್ಕಂದಿನಲ್ಲಿ ಜ್ವರ ಬಂದು ಅವರ ಬಲಗಿವಿ ಹೋಗಿತ್ತು.

“ಹಳೇ ಪಿಚ್ಚರ್ ಸೌಂಡು ಪರದೆ ಹಿಂದ್ಲಿಂದ ಒಂದೇ ಕಡೆ ಬರೋದು. ಒಂದು ಕಿವಿ ಸಾಕಾಗಿತ್ತು. ಈಗ ಸಿ.ಡಿ.ಲಿ ಎರ್ಡು ಸ್ಪೀಕರ್‌ಗೆ ಹಂಚ್ಬುಟ್ಟವ್ರೆ. ಹೀರೋ ಈ ಕಡೆ ಮಾತಾಡ್ತಾನೆ, ಕುದ್ರೆ ಆ ಕಡೆ ಓಡ್ತದೆ. ನಂಗೆ ಕುದ್ರೆ ಲಾಸ್. ಮೊದ್ಲು ಕುದ್ರೆ ಟಕಟಕ ಅಂತಿತ್ತು, ತೆಂಗಿನ ಕರಟ ತಟ್ದಂಗೆ. ಈಗ ಗುಡುಗು ಸೇರ್ಸವ್ರೆ. ನಿಮ್ಮತ್ತೆ ಪಿಚ್ಚರ್ನ ತಾಯಿ ಸಾಯೋ ಸೀನ್ನಾಗೆ ಸೌಂಡೇ ಇರ್ಲಿಲ್ಲ ಮೇಡಂ. ಇಡೀ ಟಾಕೀಸು ಉಸ್ರು ಹಿಡ್ಕೊಂಡು ಕೂತಿರೋದು. ಅಲ್ಲಿಗೂ ಪಿಟೀಲು ತುರುಕವ್ರೆ!”

ಅವರಂಥ ಹಳೆಯ ಸಿನಿಮಾ ಹುಚ್ಚರು ಇನ್ನೂ ನಾಲ್ಕೈದು ಜನ ಇದ್ದರು. ಮಾಗಡಿ, ಕನಕಪುರ, ಸೋಲೂರಿನ ಕಡೆಯವರು. ಭಾನುವಾರ ಸೇರಿ, ಯಾವ ಪಿಚ್ಚರಿನಲ್ಲಿ ಯಾವ ಸದ್ದು ಬದಲಾಗಿದೆ, ಯಾರ ತಲೆ ಕತ್ತರಿಸಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಟಾಕೀಸಿಗೆ ಟೇಪ್‌ರೆಕಾರ್ಡರು ಒಯ್ದು ಹಳೆಯ ಸೌಂಡನ್ನು ಕ್ಯಾಸೆಟ್ಟಿಗೆ ಹಿಡಿದಿಟ್ಟವರೂ ಅವರಲ್ಲಿದ್ದರು. ಒಂದನ್ನು ನನಗೆ ಕೇಳಿಸಿದರು. ನಾಯಕಿ “ನೀವಿಲ್ಲದೆ ನಾನು ಬದುಕಲಾರೆ” ಎನ್ನುವುದೂ, ಯಾರೋ “ಬೀಡಿ ಆರ್ಸಲೇ” ಎನ್ನುವುದೂ ಒಂದೇ ಉಸಿರಿನಲ್ಲಿ ಕೇಳಿಸಿತು. “ಇದು ಒರಿಜಿನಲ್” ಎಂದರು ಮಾಸ್ತರರು, ಕಣ್ಣು ಮುಚ್ಚಿಕೊಂಡು.

ಮೊದಲು ಸಿ.ಡಿ. ಮಾಡಿದ ಕಂಪನಿಗೆ ಪತ್ರ ಹೋಯಿತು. ಮೂಲ ಚಿತ್ರ, ಮೂಲ ಧ್ವನಿ ಎರಡನ್ನೂ ಇದ್ದಂತೆಯೇ ಕೊಡಬೇಕೆಂದು ಮಾಸ್ತರರು ಬರೆದರು. ವ್ಯಾಕರಣ ನಾನು ತಿದ್ದಿದೆ. ಕೆಳಗೆ ಅತ್ತೆ ಹೆಬ್ಬೆಟ್ಟು ಬೇಡವೆಂದು ಹಟ ಹಿಡಿದು ಕಷ್ಟಪಟ್ಟು ಸಹಿ ಹಾಕಿದರು. ತಿಂಗಳ ಮೇಲೆ ಒಂದು ಪಾರ್ಸೆಲ್ ಬಂತು. ನಮ್ಮ ಅಭಿಮಾನಕ್ಕೆ ಕೃತಜ್ಞತೆ ತಿಳಿಸಿ, ಪ್ರೀತಿಯ ಕಾಣಿಕೆಯಾಗಿ ಅದೇ ಸಿ.ಡಿ.ಯ ಇನ್ನೊಂದು ಪ್ರತಿ ಕಳಿಸಿದ್ದರು. ಅತ್ತೆ ಆಸೆಯಿಂದ ಹಾಕಿಸಿ ನೋಡಿದರು.

“ಇನ್ನೊಂದ್ ಮೊಣಕೈ ಕಳ್ಸವ್ರೆ” ಎಂದು ಒಳಗೆ ಹೋಗಿ ಮಲಗಿಬಿಟ್ಟರು.

ಹಾಲಿನ ಕ್ಯಾನು ಇನ್ನೂ ಮೂರು ತಿಂಗಳು ನನ್ನ ಕೈಯಲ್ಲೇ ಇತ್ತು. ಆಮೇಲೊಂದು ದಿನ ಮಾಸ್ತರರು ಪ್ರಾರ್ಥನೆಯ ನಡುವೆಯೇ ನನ್ನ ಬಳಿ ಓಡಿಬಂದರು. ಕನಕಪುರದ ಒಂದು ಹಳೆಯ ಟಾಕೀಸನ್ನು ಮುಚ್ಚಿ ಛತ್ರ ಮಾಡುತ್ತಿದ್ದಾರಂತೆ. ಮೆಟ್ಟಿಲಿನ ಕೆಳಗೆ ಯಾರೋ ಬಿಟ್ಟುಹೋದ ರೀಲಿನ ಡಬ್ಬಿಗಳಿವೆಯಂತೆ. ಅದರಲ್ಲಿ ನಮ್ಮ ಪಿಚ್ಚರಿದೆಯಂತೆ! ಟಾಕೀಸಿನ ಯಜಮಾನರು ಒಳ್ಳೆಯವರು. ಮೆಷಿನ್ನು ಬಿಚ್ಚುವ ಮೊದಲು ಒಂದು ಬೆಳಿಗ್ಗೆ ಓಡಿಸಿಕೊಳ್ಳಿ ಎಂದಿದ್ದರು. ಆದರೆ ಸ್ಕೋಪ್ ಲೆನ್ಸು ಇಲ್ಲ. ಅದಿಲ್ಲದೆ ಓಡಿಸಿದರೆ ಅಗಲದ ಚಿತ್ರವೆಲ್ಲ ಒತ್ತಿಕೊಂಡು ಮನುಷ್ಯರು ಬಿದಿರಿನಂತೆ ಕಾಣುತ್ತಾರಂತೆ.

ಲೆನ್ಸು ಇದ್ದದ್ದು ಮಾಗಡಿಯಲ್ಲಿ, ಆ ಟಾಕೀಸಿನ ಹಳೆಯ ಆಪರೇಟರ್ ಬಾಷಾ ಸಾಹೇಬರ ಮಗಳ ಮನೆಯಲ್ಲಿ. ನಾವು ಹೋದಾಗ ಸಾಹೇಬರು ಜಗಲಿಯಲ್ಲಿ ಕೂತು ಲೋಟದಷ್ಟು ದಪ್ಪದ ಆ ಗಾಜಿನ ಕೊಳವೆಯನ್ನು ಕಣ್ಣಿಗಿಟ್ಟು ಪೇಪರು ಓದುತ್ತಿದ್ದರು.

“ಇದ್ರಲ್ಲಿ ನೋಡಿದ್ರೆ ಅಕ್ಷರ ಎಲ್ಲಾ ಕಾಲ್ ಚಾಚ್ಕೊಂಡು ಆರಾಮಾಗಿ ಕೂತ್ಕೊತಾವಮ್ಮ. ಮಂತ್ರಿಗಳೂ ಎಲ್ಲಾ ದಪ್ಪ ದಪ್ಪ ಕಾಣ್ತಾರೆ. ಅದೊಂದು ಬದಲಾಗಿಲ್ಲ” ಎಂದರು. ಲೆನ್ಸು ಕೊಡಲು ಒಪ್ಪಿದರು, ಒಂದು ಕರಾರಿನ ಮೇಲೆ. “ಮೆಷಿನ್ ನಾನೇ ಓಡಿಸ್ತೀನಿ. ಬೇರೆಯವ್ರು ಮುಟ್ಬಾರ್ದು.”

ಇನ್ನು ಅತ್ತೆಯ ಹಟ. ತಾವೊಬ್ಬರೇ ನೋಡಿ ಬಂದರೆ ಏನು ಬಂತು? ಊರೇ ನೋಡಬೇಕು. ಮುಖ್ಯವಾಗಿ ಓರಗಿತ್ತಿ ನೋಡಬೇಕು. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಟೆಂಪೋ ತುಂಬ ಹೆಂಗಸರು, ಬುತ್ತಿಗಂಟು, ಎರಡು ಚೀಲ ಕಡಲೆಪುರಿ ಹೇರಿಕೊಂಡು ಕನಕಪುರದ ದಾರಿ ಹಿಡಿದೆವು. ಚಿಕ್ಕತ್ತೆ ಮುಂದೆ ಡ್ರೈವರ್ ಪಕ್ಕ ಕೂತಿದ್ದರು, ಸ್ಟಾರ್ ಅಲ್ಲವೆ! ಅತ್ತೆ ಹಿಂದೆ ನನ್ನ ಪಕ್ಕ. ರಾಮನಗರ ದಾಟಿದ ಮೇಲೆ ಅವರು ನನ್ನ ಕೈ ಹಿಡಿದು ಕಿವಿಯಲ್ಲಿ ಹೇಳಿದರು.

“ವೇಣಿ, ಒಂದ್ ಮಾತು ಹೇಳ್ತೀನಿ, ಯಾರ್ಗೂ ಹೇಳ್ಬ್ಯಾಡ ಕಣವ್ವ. ಆ ಪಿಚ್ಚರ್ನ ನಾನು ನೋಡೇ ಇಲ್ಲ.”

“ಏನತ್ತೆ ಹಂಗಂದ್ರೆ? ಟೆಂಟಿನಲ್ಲಿ ನೋಡಿದೆ ಅಂತಿದ್ರಲ್ಲ!”

“ಹೋಗಿದ್ದೆ. ನನ್ ಸೀನು ಬರೋ ಹೊತ್ಗೆ ನಾಚ್ಕೆ ಆಗಿ ಸೆರಗು ಮುಚ್ಕೊಂಡ್ಬುಟ್ಟೆ. ಬುಟ್ಟು ನೋಡೋ ಹೊತ್ಗೆ ರಾಜ ಬಂದು ಕುಂತಿದ್ದ. ಪಕ್ಕದೋಳು ಯಾರೋ ನೀನಿದ್ದೆ ಅಂದ್ಲು. ನಾನೂ ಇದ್ದೆ ಅಂದ್ಕೊಂಡೆ.” ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೇಳಿದರು: “ಇಲ್ದೇ ಹೋದ್ರೆ ಏನ್ ಮಾಡದವ್ವ?”

ಇಪ್ಪತ್ತೆರಡು ಜನ ಸಾಕ್ಷಿಗಳನ್ನು ನಾವೇ ಹೊತ್ತುಕೊಂಡು ಹೊರಟಿದ್ದೆವು. ಅಲ್ಲೂ ಬರೀ ಮೊಣಕೈಯೇ ಇದ್ದರೆ? ಅದು ಇನ್ನಾರದೋ ಮೊಣಕೈಯಾಗಿದ್ದರೆ? ನಾನು ಡೈರಿಗೆ ಹಾಲು ಹಾಕುತ್ತಲೇ ರಿಟೈರಾಗಬೇಕಾಗುತ್ತಿತ್ತು. ಟೆಂಪೋ ಕೆಟ್ಟು ನಿಲ್ಲಲಿ ಎಂದು ಊರ ದೇವರಿಗೆಲ್ಲ ಹರಕೆ ಹೊತ್ತೆ. ಕೆಡದ ದಿನವೇ ಇಲ್ಲದ ಆ ಟೆಂಪೋ ಅಂದು ನವವಧುವಿನಂತೆ ನೇರವಾಗಿ ಹೋಗಿ ಟಾಕೀಸಿನ ಮುಂದೆ ನಿಂತಿತು.

ಒಳಗೆ ಕುರ್ಚಿಗಳನ್ನೆಲ್ಲ ಕಿತ್ತಿದ್ದರು. ಜಮಖಾನ ಹಾಸಿಕೊಂಡು ನೆಲದ ಮೇಲೆ ಕೂತೆವು. ಪರದೆಯಿನ್ನೂ ಇತ್ತು, ನಮ್ಮ ಹೊಲದ ಅಂಚಿನಿಂದ ಅಂಚಿಗೆ ಇದ್ದಷ್ಟು ಅಗಲ. ಮೊದಲು ಸಾಹೇಬರು ಲೆನ್ಸಿಲ್ಲದೆ ಪರೀಕ್ಷೆ ಮಾಡಿದರು. ರಾಜನೂ ಮಂತ್ರಿಯೂ ಕಡ್ಡಿಗಳಂತೆ ಬಂದು ನಿಂತರು.

“ಪಾಪ, ಆ ಕಾಲ್ದಲ್ಲಿ ಮಳೆ ಬೆಳೆ ಇರ್ನಿಲ್ವೇನೋ” ಎಂದಳು ನಿಂಗಮ್ಮ.

ಲೆನ್ಸು ಹಾಕಿದರು. ಒಮ್ಮೆಲೇ ಬೆಟ್ಟವೇ ಕೈ ಚಾಚಿದಂತಾಯಿತು. ಆ ಅಗಲ ಕಂಡು ಎಲ್ಲರೂ ಕೂತಲ್ಲೇ ಹಿಂದಕ್ಕೆ ಸರಿದರು. ಟಿ.ವಿ.ಯಲ್ಲಿ ಒಬ್ಬನೇ ಮಾತಾಡುತ್ತಿದ್ದ ರಾಜನ ಎದುರಿಗೆ ಕೇಳುವವನೂ ಒಬ್ಬನಿದ್ದಾನೆಂದು ಅಂದು ಗೊತ್ತಾಯಿತು. ಮಾಸ್ತರರು ಪರದೆಗೆ ಎಡಗಿವಿ ಕೊಟ್ಟು, ಅಂದರೆ ಅಡ್ಡಕ್ಕೆ ತಿರುಗಿ ನಮ್ಮ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಕೂತಿದ್ದರು. ತಾಯಿ ಸಾಯುವ ಸೀನು ಬಂದಾಗ ನಿಜವಾಗಿಯೂ ಯಾವ ಸದ್ದೂ ಇರಲಿಲ್ಲ. ಮೆಷಿನ್ನಿನ ಕಟಕಟ ಒಂದೇ. ಕಡಲೆಪುರಿ ತಿನ್ನುತ್ತಿದ್ದವರ ಬಾಯಿ ನಿಂತಿತು. ಮಾಸ್ತರರ ಮೀಸೆಯ ಮೇಲೆ ನೀರು ಇಳಿಯುತ್ತಿತ್ತು. ನೋಡದವಳಂತೆ ಮುಖ ತಿರುಗಿಸಿದೆ.

ಏಳನೆಯ ರೀಲು. ಬಂಡೆಗಳು. ಮಡಕೆಯ ಸಾಲು. ಚಿಕ್ಕತ್ತೆಯ ಚಂದ್ರಮುಖ. ನಾನು ಎಡಕ್ಕೆ ನೋಡಿದೆ. ಆ ಮೊಣಕೈಯ ಹಿಂದೆ ಒಂದು ತೋಳಿತ್ತು. ತೋಳಿನ ಹಿಂದೆ ಹದಿನೆಂಟು ವರ್ಷದ, ಕಡ್ಡಿಯಂತಿದ್ದ, ಕಣ್ಣು ಕುಕ್ಕುವಷ್ಟು ಚೆಂದದ ನಮ್ಮತ್ತೆ! ಜನ ಹೋ ಎಂದು ಕೂಗಿದರು.

ಅತ್ತೆ ಸೆರಗು ಮುಚ್ಚಿಕೊಂಡಿದ್ದರು.

“ಅಕ್ಕ! ಕಣ್ ಬುಡಕ್ಕ!” ಎಂದು ಕಿರುಚಿದವರು ಚಿಕ್ಕತ್ತೆ. ಎದ್ದುನಿಂತು ಪರದೆಯ ಕೊನೆಯಂಚಿಗೆ ಬೆರಳು ತೋರಿಸುತ್ತಿದ್ದರು. “ಬಾವ! ಅಕ್ಕೋ, ಬಾವ ಅವ್ರೆ ಅಲ್ಲಿ!”

ಅಷ್ಟರಲ್ಲಿ ಕುದುರೆಗಳು ನುಗ್ಗಿ ಸೀನು ಮುಗಿದುಹೋಯಿತು. ಎಲ್ಲರೂ ಒಟ್ಟಿಗೆ ಕೂಗಾಡಿದರು. ಮಾಸ್ತರರು ವಿಜಿಲ್ ಊದಿಯೇಬಿಟ್ಟರು. “ಕುದ್ರೆ ಸೌಂಡು ಹೋಯ್ತಲ್ರೀ! ಇದಕ್ಕೇ ಅಲ್ವಾ ನಾನು ಬಂದಿದ್ದು!”

ಸಾಹೇಬರು ರೀಲನ್ನು ಕೈಯಲ್ಲಿ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರು. ಈ ಸಲ ಚಿಕ್ಕತ್ತೆ ಬಂದು ಅತ್ತೆಯ ಎರಡು ಕೈಗಳನ್ನೂ ಬಿಗಿಯಾಗಿ ಹಿಡಿದುಕೊಂಡು ಕೂತರು, ಸೆರಗು ಏಳದ ಹಾಗೆ. ಅತ್ತೆ ನೋಡಿದರು. ತಮ್ಮನ್ನು ನೋಡಿಕೊಂಡರೋ ಇಲ್ಲವೋ ತಿಳಿಯದು. ಅವರಿಗಿಂತಲೂ ಎಡಕ್ಕೆ, ಪರದೆ ಮುಗಿಯುವ ಕಡೆ, ಬಂಡೆಯೊಂದರ ಮರೆಯಲ್ಲಿ ಒಬ್ಬ ತರುಣ ನಿಂತಿದ್ದ. ಕೈಯಲ್ಲಿ ಸೈಕಲ್ಲು. ಕ್ಯಾರಿಯರಿನ ಮೇಲೆ ಮಡಚಿಟ್ಟ ಗೂಡಿನ ಚೀಲ. ರಾಜಮಹಾರಾಜರ ಕಾಲದಲ್ಲಿ, ಅಶ್ವಸೈನ್ಯ ಬರುವ ದಾರಿಯಲ್ಲಿ, ಸೈಕಲ್ಲಿನ ಹ್ಯಾಂಡಲ್ ಹಿಡಿದು ನಮ್ಮ ಮಾವನವರು ನಿಂತಿದ್ದರು. ಮಡಕೆ ಹೊತ್ತ ಹೆಂಡತಿಯನ್ನು ನೋಡುತ್ತಿದ್ದರು. ನೋಡಿ, ಬಾಯಿ ತುಂಬ ನಗುತ್ತಿದ್ದರು.

ಈ ಸಲ ಮಾಸ್ತರರಿಗೆ ಅವರ ಟಕಟಕ ಪೂರ್ತಿ ಸಿಕ್ಕಿತು.

“ಬರಾಕಾಗಲ್ಲ ಅಂದಿದ್ನಲ್ಲ ಆವಯ್ಯ” ಎಂದರು ಅತ್ತೆ. “ವಾರ ಪೂರ್ತಿ ಮೂತಿ ಊದುಸ್ಕೊಂಡು ಕುಂತಿದ್ದ. ಬಂದು ನೋಡ್ಕೊಂಡು ಹೋಗವ್ನೆ! ಮೂವತ್ ವರ್ಷ ಒಂದ್ ಮಾತು ಹೇಳ್ನಿಲ್ಲ. ಹಿಂಗೆ ನಗಾಕೆ ಬತ್ತಿತ್ತಾ ಅವಂಗೆ?”

“ನಂಗೂ ಗೊತ್ತಿರ್ನಿಲ್ಲ ಕಣಕ್ಕ” ಎಂದರು ಚಿಕ್ಕತ್ತೆ.

“ಸಾಹೇಬ್ರೆ, ಇನ್ನೊಂದ್ ದಪ ಹಾಕಿ” ಎಂದು ಅತ್ತೆ ಹಿಂದಕ್ಕೆ ತಿರುಗಿ ಕೂಗಿದರು.

ಸಾಹೇಬರು ನಾಲ್ಕು ಸಲ ಹಾಕಿದರು. ನಾಲ್ಕನೆಯ ಸಲಕ್ಕೆ ಅತ್ತೆ ಪರದೆಯ ಕಡೆ ಕೈ ಎತ್ತಿ, “ಕಳ್ಳ! ಕಳ್ಳ ಕಣೋ ನೀನು!” ಎಂದು ಬೈದರು. ಬೈಯುತ್ತಾ ನಗುತ್ತಿದ್ದರು, ನಗುತ್ತಾ ಮೂಗು ಒರೆಸಿಕೊಳ್ಳುತ್ತಿದ್ದರು. ವಾಪಸು ಬರುವಾಗ ಮುಂದಿನ ಸೀಟು ಖಾಲಿಯಿತ್ತು. ಓರಗಿತ್ತಿಯರಿಬ್ಬರೂ ಹಿಂದೆ ಒಂದೇ ಜಮಖಾನದ ಮೇಲೆ ಕೂತು, ಬಂಡೆಯ ಹಿಂದಿದ್ದ ಮನುಷ್ಯನ ಮೇಲೆ ಊರು ಬರುವವರೆಗೂ ಚಾಡಿ ಹೇಳಿಕೊಂಡರು. ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಹಾಲಿನ ಕ್ಯಾನು ಜಾಗದಲ್ಲಿರಲಿಲ್ಲ. ಅತ್ತೆ ಆಗಲೇ ಡೈರಿಗೆ ಹೊರಟುಹೋಗಿದ್ದರು.

ಆ ಡಬ್ಬಿಗಳನ್ನು ಗುಜರಿಗೆ ಹೋಗಲು ಮಾಸ್ತರರು ಬಿಡಲಿಲ್ಲ. ಟಾಕೀಸಿನ ಯಜಮಾನರನ್ನು ಕಾಡಿ ಬೇಡಿ ಪಡೆದು, ಹಳೆಯ ಸಿನಿಮಾಗಳನ್ನು ಕಾಪಾಡಿ ಇಡುವ ಕಡೆಗೆ ಕಳಿಸಲು ಏರ್ಪಾಟು ಮಾಡಿದರು. ಅಲ್ಲಿಯವರು ಗೀರು, ಕಲೆ, ತಪ್ಪುಗಳನ್ನೆಲ್ಲ ಮೆಷಿನ್ನಿನಲ್ಲಿ ಅಳಿಸಿ ಹೊಸದರಂತೆ ಮಾಡುತ್ತಾರಂತೆ ಎಂದು ಅವರು ಹೇಳಿದ್ದೇ ಅತ್ತೆಗೆ ದಿಗಿಲಾಯಿತು. ರಾಜರ ಕಾಲದಲ್ಲಿ ಸೈಕಲ್ಲು ಕಂಡರೆ ಯಾರು ತಾನೆ ತಪ್ಪೆನ್ನುವುದಿಲ್ಲ?

“ಒರಿಜಿನಲ್ ಅಂದ್ರೆ ಒರಿಜಿನಲ್ಲೇ ಕಣಮ್ಮ. ಮುಟ್ಟೋಕಿಲ್ಲ ಅವ್ರು” ಎಂದು ಮಾಸ್ತರರು ಸಮಾಧಾನ ಹೇಳಿದರು. ಅತ್ತೆ ನಂಬಲಿಲ್ಲ. ನನ್ನ ಕೈಗೆ ಪೆನ್ನು ಕೊಟ್ಟು, ಏಳನೆಯ ಡಬ್ಬಿಯೊಳಗೆ ಇಡಲು ಒಂದು ಚೀಟಿ ಬರೆಸಿದರು. ನಾನು ಗ್ರಾಂಥಿಕವಾಗಿ ಶುರುಮಾಡಿದ್ದನ್ನು ಹರಿದುಹಾಕಿಸಿ, ತಾವು ಹೇಳಿದಂತೆಯೇ ಬರೆಯಬೇಕೆಂದು ತಾಕೀತು ಮಾಡಿದರು. ಹಾಗೆಯೇ ಬರೆದೆ:

“ಎಡಗಡೆ ಬಂಡೆ ತಾವ ನಿಂತಿರೋರು ನಮ್ಮ ಯಜಮಾನ್ರು. ಸೈಕಲ್ಲೂ ನಮ್ದೆ. ಎರಡ್ನೂ ಅಳಿಸ್ಬ್ಯಾಡಿ.”